ಅಕ್ಕನ ಮೊಣಕೈ ಬಿದ್ದ ಫೋಟೊಗಳು

ನಮ್ಮ ಮನೆಯಲ್ಲಿ ಚೆನ್ನಾಗಿ ಫೋಟೊ ತೆಗೆಯುವವನು ನಾನೇ. ಓದಿದ್ದು ಏಳನೇ ಕ್ಲಾಸು. ಆದರೂ ಬೆಳಕು ಯಾವ ಕಡೆಯಿಂದ ಬೀಳಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಕೈಗೆ ಹತ್ತಿದೆ. ಅದನ್ನೇ ಬಳಸಿಕೊಂಡು ನಾನೊಂದು ಸಣ್ಣತನ ಮಾಡುತ್ತಿದ್ದೆ. ಅದು ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ ಇದನ್ನು ಬರೆಯುತ್ತಿದ್ದೇನೆ.

ರೇಷ್ಮೆಹುಳು ಸಾಕುವ ನಮಗೆ ರಜೆ ಎಂದರೆ, ಗೂಡು ಮಾರಿ, ಹುಳುಮನೆ ತೊಳೆದು, ಮುಂದಿನ ಬೆಳೆಯ ಮರಿಹುಳು ಬರುವವರೆಗೆ ಸಿಗುವ ಬಿಡುವು. ಕಳೆದ ಚಳಿಗಾಲದಲ್ಲಿ ಅಂಥ ಬಿಡುವಿಗೆ ಸರಿಯಾಗಿ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿಯುವ ಮಗಳಿಗೂ ರಜೆ ಸಿಕ್ಕಿತು. ಮಾಗಡಿ ಕಡೆಗೆ ಮದುವೆಯಾಗಿ ಹೋದ ಅಕ್ಕ ಬಂದಿದ್ದಳು. ಹೆಂಡತಿಯೂ ಸೇರಿ ನಾವು ನಾಲ್ವರು ಬೆಳಗ್ಗೆ ಬೇಗ ಬಸ್ಸು ಹತ್ತಿ, ಎರಡು ಹೊಳೆ ಕೂಡುವ ಸಂಗಮಕ್ಕೆ ಹೋದೆವು. ಮಗಳಿಗೆ ಗಂಡು ನೋಡುತ್ತಿದ್ದೆವು. ಮನೆಯವರೆಲ್ಲ ಇರುವ ಫೋಟೊ ಬೇಕೆಂದು ಬ್ರೋಕರ್ ಕೇಳಿದ್ದ.

ಅಕ್ಕನಿಗೆ ಮದುವೆಯಾದ ಎಷ್ಟೋ ವರ್ಷದ ಮೇಲೆ ತೊನ್ನು ಕಾಣಿಸಿಕೊಂಡು, ತುಟಿಯಿಂದ ಗಲ್ಲದವರೆಗೆ ಬೆಳ್ಳಗಾಗಿದೆ. ಮುಟ್ಟಿದರೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೂ ಗೊತ್ತು. ಆದರೂ ಫೋನ್ ಹಿಡಿದಾಗಲೆಲ್ಲ ಅವಳನ್ನು ಸಾಲಿನ ಕೊನೆಗೆ ನಿಲ್ಲಿಸಿ, ಫೋನನ್ನು ಒಂದಿಷ್ಟು ಓರೆ ಮಾಡುತ್ತಿದ್ದೆ.

ಆ ದಿನ ಹೊಳೆಯ ಮೇಲಿನ ಮಂಜು ಆಗಷ್ಟೇ ಕರಗಿತ್ತು. ಚಳಿಗಾಲದ ಎಳೆಬಿಸಿಲು ಫೋಟೊಗೆ ಹೇಳಿ ಮಾಡಿಸಿದ್ದು. ಯಾರೂ ಕಣ್ಣು ಕಿರಿದು ಮಾಡುವುದಿಲ್ಲ, ಮುಖದ ಮೇಲೆ ಕಪ್ಪು ನೆರಳು ಬೀಳುವುದಿಲ್ಲ.

"ಅಕ್ಕ, ಒಸಿ ಆ ಕಡೆ ಜರುಗು" ಎಂದೆ. ಸೆರಗನ್ನು ಗಲ್ಲಕ್ಕೆ ಒತ್ತಿಕೊಂಡು ಜರುಗಿದಳು.

ಆಮೇಲೆ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿನ್ನುವಾಗ ಅಕ್ಕ ಕೈಚಾಚಿದಳು. "ಫೋನ್ ಕೊಡ್ಲಾ ಇಲ್ಲಿ. ನಮ್ಮನೆ ಗೋಡೆಗೆ ನಂದೊಂದು ಫೋಟೊ ಬೇಕು. ಸತ್ಮೇಲೆ ಹಾರ ಹಾಕಕ್ಕಾದ್ರೂ ಆಯ್ತದೆ."

ಹಬ್ಬದ್ದು, ಗೃಹಪ್ರವೇಶದ್ದು, ಅವತ್ತಿನದು ಎಲ್ಲವನ್ನೂ ಬೆರಳಲ್ಲಿ ಸರಿಸುತ್ತಾ ಹೋದಳು.

"ಇದು ನನ್ ಮೊಣಕೈ. ಇದು ನನ್ ಸೆರಗು. ಇದೂ ಮೊಣಕೈಯೇ. ಏನ್ಲಾ, ನನ್ ಮೊಣಕೈಗೇನಾದ್ರೂ ಗಂಡು ನೋಡ್ತಿದ್ದೀಯಾ?"

ಹೆಂಡತಿ, ಮಗಳು ನಕ್ಕರು. ನಾನು ಕೈಲಿದ್ದ ತುತ್ತನ್ನು ಮತ್ತೆ ಎಲೆಗೆ ಹಾಕಿದೆ. ಫೋಟೊ ತೆಗೆಯುವಾಗ ತಪ್ಪಿ ಹೋಯಿತು ಎನ್ನಬಹುದಿತ್ತು. ಆದರೆ ಬಾಯಿಗೆ ಬಂದದ್ದು ನಿಜವೇ.

"ಬೇಕು ಅಂತ್ಲೇ ನಿನ್ ಬುಟ್ಬುಟ್ಟು ತೆಗಿತಿದ್ದೆ ಅಕ್ಕ. ಗಂಡಿನ ಕಡೆಯೋರು ನೋಡಿ, ಇವರ ವಂಶದಲ್ಲೇ ಐತೆ ಅಂದ್ಬುಟ್ರೆ ಅಂತ ಭಯ."

"ಗೊತ್ತಿತ್ತು ಕಣ್ಲಾ" ಎಂದಳು ಅಕ್ಕ. "ನಂಗೆ ಮುಖ ಬೆಳ್ಳಗಾಗೈತೆ ಅಷ್ಟೇ, ಕಣ್ಣು ಹೋಗಿಲ್ಲ. ನೀನಾಗೇ ಬಾಯಿ ಬುಡ್ಲಿ ಅಂತ ಸುಮ್ನಿದ್ದೆ. ಹೊಟ್ಟೆ ಉರೀತಿತ್ತು."

ಮಗಳು ನನ್ನ ಕಡೆ ತಿರುಗಿದಳು. "ಅತ್ತೇನ್ ನೋಡಿ ಬೇಡ ಅನ್ನೋರ ಮನೆಗೆ ನಾನ್ ಹೋಗಿ ಏನಪ್ಪ ಮಾಡ್ಲಿ?"

ಅಕ್ಕ ಕೈತೊಳೆದು ಎದ್ದಳು. "ಬಿಸ್ಲು ಏರೋಕ್ ಮುಂಚೆ ತೆಗಿ. ನಡುವೆ ನಾನ್ ನಿಂತ್ಕತೀನಿ."

ಯಾವಾಗಲೂ ಗಲ್ಲಕ್ಕೆ ಒತ್ತಿ ಹಿಡಿಯುತ್ತಿದ್ದ ಸೆರಗನ್ನು ಬಿಟ್ಟು ನಿಂತಳು. ಮೊದಲನೆಯ ಫೋಟೊ ಅಲುಗಾಡಿ ಮಸುಕಾಯಿತು.

"ಇಷ್ಟು ವರ್ಷ ನಡುಗದೇ ಇದ್ದ ಕೈ ಈಗ ನಡುಗ್ತದೇನ್ಲಾ?" ಎಂದು ಅಕ್ಕ ನಕ್ಕಳು. ಆ ನಗುವಿನಲ್ಲೇ ಇನ್ನೊಂದು ತೆಗೆದೆ. ನಾನು ತೆಗೆದ ಫೋಟೊಗಳಲ್ಲೆಲ್ಲ ಅದೇ ಚೆನ್ನಾಗಿದೆ.

ವಾಪಸು ಬರುವಾಗ ಬಸ್ಸಿನಿಂದಲೇ ಬ್ರೋಕರಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು.

"ಅಣ್ಣ, ನಡುವೆ ನಿಂತಿರೋರ್ ಯಾರು?"

"ನಮ್ಮಕ್ಕ."

"ಅಲ್ಲ, ಮುಖದ ಮೇಲೆ..."

"ತೊನ್ನು ಕಣಪ್ಪ. ಗಂಡಿನ ಕಡೆಯೋರಿಗೆ ಮೊದಲೇ ಹೇಳ್ಬುಡು."

ಬಸ್ಸಿನ ಸದ್ದಿಗೆ ಜೋರಾಗಿಯೇ ಹೇಳಿದ್ದೆ. ಮುಂದಿನ ಸೀಟಿನಲ್ಲಿದ್ದ ಅಕ್ಕ ತಿರುಗಿ ನೋಡಲಿಲ್ಲ. ತಾನು ತಿನ್ನುತ್ತಿದ್ದ ಸೀಬೆಹಣ್ಣಿನಲ್ಲಿ ಅರ್ಧ ಮುರಿದು ಹೆಗಲ ಮೇಲಿಂದ ಹಿಂದಕ್ಕೆ ಕೊಟ್ಟಳು. ಬೆಳಗ್ಗೆಯಿಂದ ನನಗೆ ಹಸಿವಾದದ್ದು ಆಗಲೇ.

ಆ ಸಂಬಂಧ ಮುಂದೆ ಹೋಗಲಿಲ್ಲ. ಬೇರೆ ಕಡೆ ನೋಡುತ್ತಿದ್ದೇವೆ. ಕಳಿಸುವುದು ಅದೇ ಫೋಟೊ.