ರಾಯಪ್ಪನ ಕರಿ ಬೆರಳು

ರಾಯಪ್ಪ ನಂದಗಡದವರು. ಮೊದಲು ವಿದ್ಯುತ್ ಕಂಬ ಹತ್ತುವ ಕೆಲಸ ಮಾಡುತ್ತಿದ್ದರು. ಒಮ್ಮೆ ಶಾಕ್ ಹೊಡೆದು ಎರಡೂ ಮುಂಗೈ ಹೋದವು. ಈಗ ಅಲ್ಲಿ ಪ್ಲಾಸ್ಟಿಕ್ ಕೈಗಳಿವೆ. ಬೆಳಿಗ್ಗೆ ಹೆಂಡತಿ ಚಂದ್ರವ್ವ ಪಟ್ಟಿ ಬಿಗಿದು ಕಟ್ಟುತ್ತಾರೆ, ಸಂಜೆ ಅವರೇ ಬಿಚ್ಚಬೇಕು. ಹಗಲೆಲ್ಲ ರಾಯಪ್ಪ ಖಾನಾಪುರದ ಗೊಬ್ಬರದ ಗೋದಾಮಿನ ಗೇಟು ಕಾಯುತ್ತಾರೆ.

ಮಗಳು ಪೂರ್ಣಿಮಾ ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಾಳೆ. ಮಧ್ಯಾಹ್ನ ಫೋನ್ ಮಾಡುತ್ತಾಳೆ. ಪ್ಲಾಸ್ಟಿಕ್ ಬೆರಳು ಎಷ್ಟು ಒತ್ತಿದರೂ ಫೋನಿನ ಗಾಜಿಗೆ ತಿಳಿಯುವುದಿಲ್ಲ. ಅದಕ್ಕೇ ರಾಯಪ್ಪ ಬಗ್ಗಿ ಮೂಗಿನಿಂದ ಒತ್ತುತ್ತಿದ್ದರು. ಹಲವು ಸಲ ಕರೆ ಕಟ್ ಆಗುತ್ತಿತ್ತು. ಹೋದ ವಾರ ಹಾಗೆ ಕಟ್ ಆದಾಗ ಪೂರ್ಣಿಮಾ ಹೆದರಿ ಬಸ್ ಹಿಡಿದು ಬಂದುಬಿಟ್ಟಳು.

“ಇನ್ನೊಮ್ಮೆ ಹಿಂಗಾದ್ರ ಕಾಲೇಜ್ ಬಿಟ್ಟು ಮನ್ಯಾಗ ಇರ್ತೀನಿ ನೋಡಪಾ. ಖರೇ ಹೇಳಾಕತ್ತೀನಿ.”

ಮರುದಿನ ರಾಯಪ್ಪ ಮೊಬೈಲ್ ರಿಪೇರಿ ಮಾಡುವ ಮಧುಕರನ ಅಂಗಡಿಗೆ ಹೋದರು.

“ಕಾಕಾ, ಎಷ್ಟ್ ಒತ್ತಿದ್ರೂ ಅಷ್ಟರಿ,” ಎಂದ ಮಧುಕರ. “ಗಾಜಿನಿಂದ ನಿಮ್ಮ ಮೈಗೆ ಚೂರು ಕರೆಂಟ್ ಹರೀಬೇಕು. ಪ್ಲಾಸ್ಟಿಕ್ ಬಿಡಂಗಿಲ್ಲ.”

“ನನ್ನ ಮೈಗೆ ಇನ್ನೂ ಕರೆಂಟ್ ಕಡಿಮಿ ಬಿದ್ದೈತೇನಪಾ?”

ಮಧುಕರ ನಗಲಿಲ್ಲ. ಬಿಡಿಭಾಗಗಳನ್ನು ಚುಚ್ಚಿಟ್ಟಿದ್ದ ಕಪ್ಪು ಸ್ಪಂಜಿನ ಹಾಳೆಯೊಂದನ್ನು ಡ್ರಾವರಿನಿಂದ ತೆಗೆದ. “ಇದೂ ಪ್ಲಾಸ್ಟಿಕ್ಕ ರೀ. ಆದ್ರ ಇದ್ದಲಿಯಂಥಾ ಕರಿ ಪುಡಿ ಕಲಸಿರ್ತಾರ. ಪುಡಿಗೆ ಪುಡಿ ಹತ್ತಿರತೈತಿ, ಅದರಾಗಿಂದ ಕರೆಂಟ್ ಹಾಯತೈತಿ.”

ಚೂರೊಂದನ್ನು ಕತ್ತರಿಸಿ ಬಲಗೈಯ ತೋರುಬೆರಳ ತುದಿಗೆ ಅಂಟಿಸಿದ. ರಾಯಪ್ಪ ಒತ್ತಿದರೂ ಪರದೆ ತೆರೆಯಲಿಲ್ಲ. ಸ್ವಲ್ಪ ಯೋಚಿಸಿ ಅದನ್ನು ಕಿತ್ತ. ಉದ್ದ ಪಟ್ಟಿ ಕತ್ತರಿಸಿ, ಬೆರಳ ತುದಿಯಿಂದ ಅಂಗೈ ಮೇಲೆ ಹಾಯಿಸಿ, ಪ್ಲಾಸ್ಟಿಕ್ ಕೈಯ ಒಳಗೆ ತೋಳಿನ ಚರ್ಮದವರೆಗೆ ತೂರಿಸಿದ.

“ಮೈಗೆ ತಾಗೇತೇನ್ರಿ?”

ಆ ಚರ್ಮ ಸುಟ್ಟಂದಿನಿಂದ ಅಲ್ಲಿ ಬಿಸಿಯಿಲ್ಲ, ತಂಪಿಲ್ಲ, ನೋವೂ ಇಲ್ಲ.

“ನನಗ ಗೊತ್ತಾಗಂಗಿಲ್ಲಪಾ. ಫೋನಿಗೇ ಕೇಳು.”

ಬೆರಳು ಇಟ್ಟರು. ಪರದೆ ತೆರೆದುಕೊಂಡಿತು.

ಮರುದಿನ ಮಧ್ಯಾಹ್ನ ಗೋದಾಮಿನ ಗೇಟಿನ ಬಳಿ ಸ್ಟೂಲಿನ ಮೇಲೆ ಫೋನು ರಿಂಗಾಯಿತು. ರಾಯಪ್ಪ ಕರಿ ಬೆರಳನ್ನು ಗಾಜಿನ ಮೇಲೆ ಜಾರಿಸಿದರು, ಸ್ಪೀಕರ್ ಒತ್ತಿದರು.

“ಅಪ್ಪಾ! ಇಷ್ಟ್ ಲಗೂ? ಯಾರ್ ಎತ್ತಿಕೊಟ್ರು?”

“ನಾನ ಎತ್ತೇನಿ.”

“ಮೂಗಿಲೇ?”

“ಬೆರಳಿಲೇ.”

“ಹಂಗಾರ ನಾ ಬರಬ್ಯಾಡೇನು?”

“ಬರಬ್ಯಾಡ. ಅಲ್ಲೇ ಇದ್ದು ಕಲಿ.”

“ಹೂಂ. ಊಟಾತಾ?”

“ಆತು.”

ರಾಯಪ್ಪ ಕೆಂಪು ಗುರುತಿನ ಮೇಲೆ ಬೆರಳಿಟ್ಟರು. ಕರೆ ಮುಗಿಯಿತು. ತೋಳಿಗೆ ಏನೂ ತಿಳಿಯಲಿಲ್ಲ. ಹೊರಗೆ ಲಾರಿ ಹಾರ್ನ್ ಹೊಡೆಯಿತು. ರಾಯಪ್ಪ ಎದ್ದು ಹೋಗಿ ಭುಜದಿಂದ ಗೇಟು ತಳ್ಳಿದರು.