ಕೊಡೆ ಹಿಡಿದ ಜಹಗೀರುದಾರ

ಸುಂಕದಕಟ್ಟೆಯಲ್ಲಿ ಒಬ್ಬ ಜಹಗೀರುದಾರರಿದ್ದಾರೆ. ಅವರಿಗೆ ಊರಿಲ್ಲ, ಹೊಲವಿಲ್ಲ, ಕುದುರೆಯಂತೂ ಇಲ್ಲವೇ ಇಲ್ಲ. ಇರುವುದು ಬಾಡಿಗೆಯ ಒಂದು ರೂಮು, ಅದಕ್ಕಂಟಿದ ಅಡುಗೆಮನೆ ಮತ್ತು ಒಂದು ಮೀಸೆ. ಹೆಸರು ನಾಗಭೂಷಣ್, ವಯಸ್ಸು ಐವತ್ತರ ಹೊಸ್ತಿಲು, ಒಂಟಿ ಜೀವ. ಮಾರೇನಹಳ್ಳಿಯ ಸ್ಟೀಲ್ ಪಾತ್ರೆ ಅಂಗಡಿಯೊಂದರಲ್ಲಿ ಮಾರಾಟದ ಕೆಲಸ. ಅವರು ಕುಕ್ಕರಿನ ಮುಚ್ಚಳ ತೆಗೆದು ತೋರಿಸುವ ಗತ್ತು ಕಂಡರೆ ಚೌಕಾಸಿಗೆಂದೇ ಬಂದ ಹೆಂಗಸರೂ ಸುಮ್ಮನಾಗುತ್ತಾರೆ.

ಸಿನಿಮಾದ ಗುಂಪಿನ ದೃಶ್ಯಗಳಿಗೆ ಜನ ಒದಗಿಸುವ ಏಜೆಂಟ್ ಜಗನ್ನಾಥ ಒಮ್ಮೆ ಆ ಅಂಗಡಿಗೆ ಇಡ್ಲಿ ತಟ್ಟೆ ಕೊಳ್ಳಲು ಬಂದ. ತಟ್ಟೆ ಮರೆತ, ಮೀಸೆ ನೋಡುತ್ತಾ ನಿಂತ. ಅಂದಿನಿಂದ ನಾಗಭೂಷಣರ ವಾರದ ರಜೆಗಳೆಲ್ಲ ರಾಜಯೋಗಕ್ಕೆ ಮೀಸಲಾದವು. ಒಮ್ಮೆ ದಿವಾನರು, ಒಮ್ಮೆ ಶ್ಯಾನುಭೋಗರು, ಹೆಚ್ಚಾಗಿ ಜಹಗೀರುದಾರರು.

ಈ ಲೋಕದಲ್ಲಿ ಎರಡೇ ವರ್ಣ. ಜಗನ್ನಾಥನ ಬಾಯಲ್ಲಿ ಒಂದು 'ರಿಚ್ ಪಾರ್ಟಿ', ಇನ್ನೊಂದು 'ಹಳ್ಳಿ ಪಾರ್ಟಿ'. ರೇಷ್ಮೆ ಉಟ್ಟವರಿಗೆ ಕುರ್ಚಿ, ಮೊದಲ ಪಂಕ್ತಿಯ ಊಟ. ಪಂಚೆ ಮೇಲೆತ್ತಿ ಕಟ್ಟಿದವರಿಗೆ ಮರದ ಬುಡ, ಕೊನೆಯ ಪಂಕ್ತಿ. ಬಡವನ ಪಾತ್ರದ ಹೀರೋ ಮಾತ್ರ ತಂಪು ವ್ಯಾನಿನೊಳಗೆ ಕೂತು ಬಾದಾಮಿ ತಿನ್ನುತ್ತಾನೆ. ಆದರೆ ಎರಡೂ ವರ್ಣಗಳಿಗೆ ಅನ್ವಯಿಸುವ ಶಾಸನ ಒಂದೇ: "ಬಾಯಿ ಆಡ್ಸಿ, ಸದ್ದು ಬೇಡ." ಹಿಂದೆ ನಿಂತವರು ಮಾತಾಡಿದಂತೆ ಕಾಣಬೇಕು, ಕೇಳಬಾರದು.

ಹೀಗೆ ಸದ್ದಿಲ್ಲದೆ ಮಾತಾಡುತ್ತಲೇ ನಾಗಭೂಷಣರಿಗೆ ಪ್ರಭಾ ಪರಿಚಯವಾದದ್ದು. ಪ್ರಭಾ ಬಸವೇಶ್ವರನಗರದವರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದರು. ಗೆಳತಿಯೊಬ್ಬಳ ಬಲವಂತಕ್ಕೆ ಶೂಟಿಂಗ್ ನೋಡಲು ಹೋದವರನ್ನು ಜಗನ್ನಾಥ ಆ ಕ್ಷಣವೇ ಜಹಗೀರುದಾರರ ಹೆಂಡತಿ ಮಾಡಿದ. ಆಮೇಲೆ ಚಿತ್ರದಿಂದ ಚಿತ್ರಕ್ಕೆ ಅವರದು ಅದೇ ಸಂಸಾರ. ಇಬ್ಬರೂ ಎಷ್ಟೋ ಹೆಣ್ಣುಮಕ್ಕಳನ್ನು ಧಾರೆ ಎರೆದು ಕಳಿಸಿದರು, ಮೊಮ್ಮಕ್ಕಳನ್ನು ತೊಟ್ಟಿಲಿಗೆ ಹಾಕಿದರು. ಹಿಂದೆ ನಿಂತು ತುಟಿಯಲ್ಲೇ ಆಡುತ್ತಿದ್ದ ಅವರ ಮಾತು ಮಾತ್ರ ಸ್ವಂತದ್ದು.

"ಇವತ್ತು ಪಲಾವ್‌ಗೆ ಉಪ್ಪೇ ಇಲ್ಲ ಕಣ್ರೀ."

"ಹೀರೋಯಿನ್‌ಗೆ ಅಮ್ಮ ಆಗಿದಾರಲ್ಲ, ಅವರಿಗಿಂತ ನಾನೇ ಚಿಕ್ಕವಳು."

ಒಬ್ಬರ ತುಟಿ ಅಲುಗಿದರೆ ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಆದರೆ ಕೇಳಬೇಕಾದ ಒಂದು ಮಾತಿಗೆ ಮಾತ್ರ ನಾಗಭೂಷಣರ ತುಟಿಯೂ ಅಲುಗಲಿಲ್ಲ. ಪ್ರಭಾ ಅಣ್ಣನದು ಸ್ವಂತ ಮನೆ, ಮೇಲೆ ಬಾಡಿಗೆದಾರರು, ಕೆಳಗೆ ಕಾರು. ತಮ್ಮದೋ, ಇನ್ನೊಬ್ಬರ ಕುಕ್ಕರು ಮಾರುವ ಕೆಲಸ.

ಧೈರ್ಯ ಬೇಕಾಗಿತ್ತು. ನಾಗಭೂಷಣರು ಮಾದಪ್ಪನ ಬೆಟ್ಟಕ್ಕೆ ಹೋದರು. ಲೋಕದ ರೂಢಿಯಲ್ಲಿ ಕೆಲಸ ಕೈಗೂಡಿದ ಮೇಲೆ ಮುಡಿ ಕೊಡುತ್ತಾರೆ. ದೇವರ ಸಾಲ ಬೇಡವೆಂದು ಇವರು ಮುಂಗಡವಾಗಿಯೇ ಕೊಟ್ಟರು. ಭಕ್ತಿಯ ಭರದಲ್ಲಿ ತಲೆಯ ಜೊತೆಗೆ ಮೀಸೆಯನ್ನೂ ಒಪ್ಪಿಸಿದರು.

ಬೆಟ್ಟ ಇಳಿಯುವಷ್ಟರಲ್ಲಿ ಜಗನ್ನಾಥನ ಫೋನು. ಅಜ್ಜಿಯರ ಕಾಲದ ಪ್ರೇಮ ಕಾದಂಬರಿಯೊಂದು ಸಿನಿಮಾ ಆಗುತ್ತಿತ್ತು. ಬಡ ಮೇಷ್ಟ್ರು, ಸಿರಿವಂತರ ಮಗಳು, ಅವಳನ್ನು ನೋಡಲು ಜಟಕಾದಲ್ಲಿ ಬರುವ ಜಹಗೀರುದಾರ ದಂಪತಿ. ಆ ದಂಪತಿ ಯಾರೆಂದು ಹೇಳಬೇಕಾಗಿಯೇ ಇರಲಿಲ್ಲ.

ಕೆಂಗೇರಿ ಆಚೆಯ ಹಳೇ ಬಂಗಲೆಯ ಮುಂದೆ ಮರುದಿನ ಬೆಳಿಗ್ಗೆ ಜಗನ್ನಾಥ ನಾಗಭೂಷಣರನ್ನು ನೋಡಿ ತಲೆ ಮೇಲೆ ಕೈ ಹೊತ್ತ.

"ಏನ್ ಸಾರ್ ಇದು! ನಿಮ್ಮನ್ನಲ್ಲ ನಾನು ಬುಕ್ ಮಾಡಿದ್ದು, ಮೀಸೇನ!"

"ಅಂಟಿಸಿದ್ರೆ ಆಗಲ್ವೇನಪ್ಪ?"

"ಹೋದ್ಸಲ ಗಡ್ಡ ಅಂಟಿಸಿದ ಗೋಂದಿಗೆ ಮುಖ ಬೂದುಗುಂಬಳ ಆಗಿತ್ತಲ್ಲ, ಮರ್ತೋಯ್ತಾ? ಹಳ್ಳಿ ಪಾರ್ಟಿಗೆ ಹೋಗಿ. ಕೊಡೆ ಹಿಡಿಯೋ ಆಳು ಒಬ್ಬ ಬೇಕು."

ಹೀಗೆ ಸುಂಕದಕಟ್ಟೆಯ ಸಂಸ್ಥಾನ ಒಂದೇ ಬೆಳಗಿನಲ್ಲಿ ಪತನವಾಯಿತು. ಸಿಂಹಾಸನ ಏರಿದವನು ಮಹದೇವ್, ನಂದಿನಿ ಲೇಔಟಿನ ಆಟೋ ಡ್ರೈವರ್. ವರ್ಷಗಟ್ಟಲೆ ನಾಗಭೂಷಣರಿಗೆ ಬೀಸಣಿಗೆ ಬೀಸಿದವನು, ಪಲ್ಲಕ್ಕಿ ಹೊತ್ತವನು. ಈಗ ಜರಿಪೇಟ ಸುತ್ತಿಕೊಂಡು ಪ್ರಭಾ ಪಕ್ಕದಲ್ಲಿ ನಿಂತು ಹೇಳಿದ, "ಭೂಷಣಣ್ಣ, ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಮೇಲಕ್ಕೆ ಹಿಡೀರಿ, ಪೇಟಕ್ಕೆ ತಗುಲ್ತಾ ಇದೆ."

ಕ್ಯಾಮೆರಾ ಓಡಿತು. ದಂಪತಿ ಜಟಕಾದಿಂದ ಇಳಿದು ಬಂಗಲೆಯತ್ತ ನಡೆದರು, ಹಿಂದೆ ಕೊಡೆ. ಅರ್ಧ ದಾರಿಯಲ್ಲಿ ಕೊಡೆ ಮೆಲ್ಲಗೆ ಎಡಕ್ಕೆ ವಾಲಿ ಪ್ರಭಾ ತಲೆಯ ಮೇಲೆ ನೆಲೆಸಿತು. ಮಹದೇವ್ ಬಟಾಬಯಲಿನಲ್ಲಿ ಉಳಿದ.

"ಕಟ್! ಸಾರ್, ಕೊಡೆ ಜಹಗೀರುದಾರರಿಗೆ," ಎಂದ ನಿರ್ದೇಶಕ. ಹುಡುಗ ವಿನಯವಂತ, ಕಾದಂಬರಿ ಎದೆಗವಚಿಕೊಂಡೇ ಓಡಾಡುತ್ತಿದ್ದ. "ಆ ಕಾಲದಲ್ಲಿ ಆಳುಗಳು ಅಮ್ಮಾವ್ರಿಗೆ ಹಿಡೀತಿರಲಿಲ್ಲ."

ಮತ್ತೆ ನಡೆದರು. ಮತ್ತೆ ವಾಲಿತು.

"ನನ್ ಅರ್ಧ ತಲೆ ಬೇಯ್ತಾ ಇದೆ ಅಣ್ಣೋ," ಎಂದು ಮಹದೇವ್ ನರಳಿದ.

ಪ್ರಭಾ ತಿರುಗದೆ ಗದರಿದರು. "ನೆಟ್ಟಗೆ ಹಿಡೀರಿ. ಕಳಿಸ್ಬಿಡ್ತಾರೆ ನಿಮ್ಮನ್ನ."

"ಪ್ರಯತ್ನ ಪಡ್ತಾ ಇದೀನಿ," ಎಂದರು ನಾಗಭೂಷಣ್. ಸುಳ್ಳೇನಲ್ಲ. ತಲೆ ಆಜ್ಞೆ ಕೊಡುತ್ತಿತ್ತು, ತೋಳು ಒಪ್ಪುತ್ತಿರಲಿಲ್ಲ. ಇನ್ನೊಂದು ಸಲ ವಾಲಿದಾಗ ನಿರ್ದೇಶಕ ಕೈಮುಗಿದ. ಕೊಡೆ ಬೇರೊಬ್ಬನ ಪಾಲಾಯಿತು. ಪದಚ್ಯುತ ಜಹಗೀರುದಾರರು ಆಳಿನ ಹುದ್ದೆಯಿಂದಲೂ ಚ್ಯುತರಾಗಿ ಹುಣಸೆಮರದ ಕೆಳಗೆ ಹೋಗಿ ಕೂತರು.

ಊಟದ ಹೊತ್ತಿಗೆ ಪ್ರಭಾ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಆ ಮರದತ್ತ ಬಂದರು. ಕಾಸ್ಟ್ಯೂಮಿನವನು ಹಿಂದಿನಿಂದ, "ಮೇಡಂ, ಧೂಳು! ಧೂಳು!" ಎಂದು ಕೂಗುತ್ತಿದ್ದ.

"ಮೀಸೆ ಯಾಕೆ ತೆಗೆಸಿದ್ರಿ?"

"ಹರಕೆ."

"ಏನಂತ?"

ಈಗ ಹೇಳಲೇಬೇಕು. ನಾಗಭೂಷಣರು ಎದ್ದು ನಿಂತರು, ಗಂಟಲು ಸರಿಮಾಡಿಕೊಂಡರು, ಬಾಯಿ ತೆರೆದರು. ತುಟಿಗಳು ಅಲುಗಿದವು, ಸದ್ದೇ ಬರಲಿಲ್ಲ! ಇಷ್ಟು ವರ್ಷದ ಶಾಸನ ಗಂಟಲಿಗೆ ಬೀಗ ಜಡಿದಿತ್ತು. ಆದರೂ ಪೂರ್ತಿ ಹೇಳಿದರು. ಬಾಡಿಗೆ ಮನೆ ಎಂದರು, ಪಾತ್ರೆ ಅಂಗಡಿ ಎಂದರು, ನನ್ನನ್ನು ಮದುವೆ ಆಗ್ತೀರಾ ಎಂದರು. ಎಲ್ಲವೂ ಮೌನದಲ್ಲಿ.

ಪ್ರಭಾ ಅವರ ತುಟಿಯಿಂದ ಕಣ್ಣು ತೆಗೆಯದೆ ಕೊನೆಯವರೆಗೂ ನೋಡಿದರು. ಮುಖ ಕೆಂಪಾಯಿತು. ಬಿಸಿಲಿನದೂ ಇರಬಹುದು.

"ನನಗೆ ಅರ್ಥ ಆಯ್ತು. ನಂದು ಒಪ್ಪಿಗೆ," ಎಂದರು. "ಆದ್ರೆ ನಮ್ಮಣ್ಣನಿಗೆ ಹೀಗೆಲ್ಲ ಹೇಳಿದ್ರೆ ತಿಳಿಯಲ್ಲ. ಭಾನುವಾರ ಮನೆಗೆ ಬನ್ನಿ. ನಿಮ್ಮ ಕಡೆ ಹಿರಿಯರು ಯಾರನ್ನಾದ್ರೂ ಕರ್ಕೊಂಡು ಬನ್ನಿ. ಬಾಯ್ಬಿಟ್ಟು ಹೇಳಿ."

ಹಿರಿಯರೆನ್ನಲು ನಾಗಭೂಷಣರಿಗೆ ಯಾರೂ ಇರಲಿಲ್ಲ. ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ಮಹದೇವ್ ಎದೆ ಸೆಟೆಸಿ, "ನಾನ್ ಬರ್ತೀನಿ ಅಣ್ಣ. ಒಂದು ದಿನ ಗಂಡ ಆಗಿದೀನಿ, ಅಷ್ಟಾದ್ರೂ ಮಾಡ್ಬಾರ್ದಾ?" ಎಂದ.

ಭಾನುವಾರ ಮಹದೇವನ ಆಟೋದಲ್ಲೇ ದಿಬ್ಬಣ ಹೊರಟಿತು. ಪ್ರಭಾ ಅಣ್ಣ ಗಿರಿರಾಜ್ ಸೋಫಾದಲ್ಲಿ ಪೇಪರ್ ಹರಡಿಕೊಂಡು ಕೂತಿದ್ದರು. ಬಂದವರಿಗೆ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಗಳನ್ನು ಕಣ್ಣಲ್ಲೇ ತೋರಿಸಿದರು.

"ಪಾತ್ರೆ ಅಂಗಡಿ ಅಂದ್ಳು ಪ್ರಭಾ. ಸ್ವಂತದ್ದಾ?"

"ನಮ್ಮ ಅಣ್ಣ ಇಲ್ದಿದ್ರೆ ಆ ಅಂಗಡೀನೇ ಇಲ್ಲ ಸಾರ್," ಎಂದು ಮಹದೇವ್ ಶುರು ಮಾಡಿದ. "ಇವರು ದಿವಾನರು, ಜಹಗೀರುದಾರರು..."

ನಾಗಭೂಷಣರು ಅವನ ತೊಡೆ ಮೇಲೆ ಕೈ ಇಟ್ಟು ತಡೆದರು. ಅಡುಗೆಮನೆಯ ಬಾಗಿಲಲ್ಲಿ ಪ್ರಭಾ ನಿಂತಿದ್ದರು. ನಾಗಭೂಷಣರ ತುಟಿ ಅಲುಗಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಅಲುಗಿತು. ಮೂರನೆಯ ಸಲ, ವರ್ಷಗಳಿಂದ ಒಳಗೇ ತಡೆದಿಟ್ಟಿದ್ದ ಸದ್ದೆಲ್ಲ ಕುಕ್ಕರಿನ ಸೀಟಿಯಂತೆ ಒಟ್ಟಿಗೇ ಹೊರಬಿತ್ತು.

"ಸ್ವಂತದ್ದಲ್ಲ! ಸಂಬಳಕ್ಕಿದೀನಿ! ಮನೆಯೂ ಬಾಡಿಗೇದು! ನಿಮ್ಮ ತಂಗೀನ ಮದುವೆ ಆಗೋಣ ಅಂತ ಇದೀನಿ! ಅವರು ಒಪ್ಪಿದಾರೆ, ನೀವೂ ಒಪ್ಪಬೇಕು!"

ಮೇಲಿನ ಬಾಡಿಗೆದಾರರು ಮೆಟ್ಟಿಲಲ್ಲಿ ಇಣುಕಿದರು. ಗಿರಿರಾಜ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಮೆತ್ತಗೆ ಹೇಳಿ ಸ್ವಾಮಿ, ಕಿವಿ ಚೆನ್ನಾಗೇ ಇದೆ ನನಗೆ. ಸಿನಿಮಾದವರು ಅಂದ್ರೆ ಬಣ್ಣದ ಮಾತು ಆಡ್ತಾರೆ ಅಂದ್ಕೊಂಡಿದ್ದೆ." ತಂಗಿಯ ಮುಖ ನೋಡಿದರು. ಆಮೇಲೆ ಸೋಫಾದ ಮೇಲಿನ ಪೇಪರ್ ಮಡಚಿ ಜಾಗ ಮಾಡಿದರು. "ಬಾಗಿಲಲ್ಲಿ ಯಾಕೆ? ಬನ್ನಿ, ಈ ಕಡೆ ಕೂತ್ಕೊಳ್ಳಿ."

ಮಹದೇವ್ ಚಂಗನೆ ಎದ್ದು ಹೋಗಿ ಅಲ್ಲಿ ಕೂತುಬಿಟ್ಟ.

"ನೀವಲ್ಲ ಕಣ್ರೀ," ಎಂದರು ಗಿರಿರಾಜ್. "ಭಾವನವರು."