ಕಣ್ಣಿನ ಮೇಲೆ ಹಾಕಿದ ಆಣೆ

ಕೊರೊನಾ ಕಳೆದು ಆಸ್ಪತ್ರೆಗಳಲ್ಲಿ ಮಾಮೂಲು ಆಪರೇಶನ್‌ಗಳು ಮತ್ತೆ ಶುರುವಾದ ವರ್ಷ. ಆಗ ನಾನು ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯನಾಗಿದ್ದೆ. ಮನೆಯಲ್ಲೇ ಕೂತು ಪೊರೆ ಬೆಳೆಸಿಕೊಂಡವರೆಲ್ಲ ಒಮ್ಮೆಲೇ ಬರುತ್ತಿದ್ದ ಕಾಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಾಗೆ ಬಂದವರಲ್ಲಿ ರಾಮಸಮುದ್ರದ ಸಾಬಣ್ಣ ಮಾಸ್ತರರೂ ಒಬ್ಬರು. ಈ ಬರಹದಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ.

ಮಾಸ್ತರರು ಸುರಪುರದ ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹೆಂಡತಿ ದೇವಕೆಮ್ಮ ಕೈ ಹಿಡಿದು ಕರೆತಂದಿದ್ದರು. ಬಲಗಣ್ಣು ಚಿಕಿತ್ಸೆಯಿಲ್ಲದೆ ಪೂರ್ತಿ ಹೋಗಿತ್ತು. ಎಡಗಣ್ಣಿನ ಲೆನ್ಸು ಕುದಿಸಿದ ಮೊಟ್ಟೆಯ ಬಿಳಿಯಂತಾಗಿ, ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇದಕ್ಕೆ ನಾವು ಮೆಚೂರ್ ಕ್ಯಾಟರಾಕ್ಟ್, ಅಂದರೆ ಬಲಿತ ಪೊರೆ, ಎನ್ನುತ್ತೇವೆ. ಹಾಗೇ ಬಿಟ್ಟರೆ ಅದು ಕರಗಿ ಸೋರಿ, ಕಣ್ಣಿನೊಳಗಿನ ಒತ್ತಡ ಏರಿ, ಹಿಂದಿನ ನರವೇ ಸಾಯಬಹುದು. ಆಮೇಲೆ ಯಾವ ಡಾಕ್ಟರೂ ಏನೂ ಮಾಡಲಾರ. ಮಾಸ್ತರರ ಕಣ್ಣಿನ ಒತ್ತಡ ಆಗಲೇ ಏರತೊಡಗಿತ್ತು.

ಔಷಧಿ ಕೊಟ್ಟು ಒತ್ತಡ ಇಳಿಸಿ, ಆಪರೇಶನ್‌ಗೆ ದಿನ ಕೊಟ್ಟೆ. ಬಂದರು, ಮೇಜಿನ ಮೇಲೆ ಮಲಗಿದರು, ಇಳಿದು ಹೋದರು. ಇನ್ನೊಂದು ದಿನ ಕೊಟ್ಟೆ. ಮತ್ತೆ ಅದೇ ಕಥೆ. ಎರಡನೇ ಸಲ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರಲಿಲ್ಲ. "ಕಲಿತವರೇ ಹಿಂಗ ಮಾಡಿದ್ರ ಹೆಂಗ್ರಿ ಮಾಸ್ತರ? ಕುಲ್ಡ ಆಗಬೇಕಂತ ಹಟ ಹಿಡಿದೀರೇನು?" ಎಂದು ದೇವಕೆಮ್ಮನ ಎದುರೇ ಕೂಗಾಡಿದೆ.

ಮಾಸ್ತರರು ಸಿಟ್ಟಾಗಲಿಲ್ಲ. ತಣ್ಣಗೆ ಕೇಳಿದರು: "ಸಾಹೇಬ್ರ, ಬ್ಲೈಮಿ ಅಂದ್ರ ಏನು ಗೊತ್ತದೇನ್ರಿ?"

ಇಂಗ್ಲಿಷರು ಬೆರಗಾದಾಗ ಆಡುವ ಮಾತು ಎಂದಷ್ಟೇ ನನಗೆ ಗೊತ್ತಿತ್ತು.

"ಗಾಡ್ ಬ್ಲೈಂಡ್ ಮಿ ಅನ್ನೋದು ಸವೆದು ಸವೆದು ಬ್ಲೈಮಿ ಆಗ್ಯಾದ್ರಿ. ದೇವರು ನನ್ನ ಕಣ್ಣ ಕಳೀಲಿ ಅಂತ ಅರ್ಥ."

ಆಮೇಲೆ ಅವರು ಹೇಳಿದ್ದನ್ನೆಲ್ಲ ಓಪಿಡಿಯ ಗದ್ದಲ ಮರೆತು ಕೇಳಿದೆ. ಆಣೆ ಹಾಕುವುದಕ್ಕೂ ಹೊಲಸು ಬೈಯುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಮಾತು, ಸ್ವೇರ್. ಯಾಕೆಂದರೆ ಹಿಂದೆ ಅಲ್ಲಿ ದೇವರ ಹೆಸರೆತ್ತಿ ಸುಮ್ಮಸುಮ್ಮನೆ ಆಣೆ ಹಾಕುವುದೇ ದೊಡ್ಡ ಹೊಲಸು ಮಾತು. ದೇವರ ಗಾಯಗಳ ಮೇಲೆ, ಗಾಡ್ಸ್ ವೂಂಡ್ಸ್ ಎಂದು, ಹಾಕುತ್ತಿದ್ದ ಆಣೆ ಮುರಿದು ಜೌಂಡ್ಸ್ ಆಯಿತು. ಗಾಡ್ ಅನ್ನಲು ಹೆದರಿ ಗಾಶ್ ಅಂದರು, ಡ್ಯಾಮ್ ಅನ್ನಲು ಹೆದರಿ ಡಾರ್ನ್ ಅಂದರು. ನಾಟಕದಲ್ಲಿ ದೇವರ ಹೆಸರನ್ನು ಹಾಗೆ ಬಳಸಿದರೆ ದಂಡ ಹಾಕುವ ಕಾನೂನೂ ಒಂದು ಕಾಲಕ್ಕೆ ಇತ್ತಂತೆ. ಬ್ಲಡಿ ಅನ್ನುವುದು ಬೈ ಅವರ್ ಲೇಡಿ, ಅಂದರೆ ಮೇರಿ ಮಾತೆಯ ಮೇಲಿನ ಆಣೆ ಎಂದು ಕೆಲವರು, ಅಲ್ಲ ಎಂದು ಕೆಲವರು.

ಇದನ್ನೆಲ್ಲ ಮಾಸ್ತರರು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತಮಾಷೆಯಾಗಿ ಕಲಿಸಿದ್ದರು. ಮುಂದೆ ಶಾಲೆಗೆ ಮೇಲಧಿಕಾರಿಯೊಬ್ಬರು ಬಂದಾಗ ಹುಡುಗನೊಬ್ಬ ಎದ್ದು ನಿಂತು, ಗಟ್ಟಿಯಾಗಿ, "ಬ್ಲಡಿ ಗುಡ್ ಮಾರ್ನಿಂಗ್ ಸರ್" ಎಂದ. ನನಗೆ ನಗು ಬಂತು. ಮಾಸ್ತರರು ನಗಲಿಲ್ಲ.

ಈ ಮಾತು ಕಲಿಸಿದವರು ಯಾರು ಎಂಬ ವಿಚಾರಣೆ ಹೆಡ್ ಮಾಸ್ತರರ ರೂಮಿನಲ್ಲಿ ನಡೆಯಿತು. ಆ ಕ್ಲಾಸಿಗೆ ಇಂಗ್ಲಿಷ್ ಹೇಳುತ್ತಿದ್ದವರು ಇಬ್ಬರೇ: ಸಾಬಣ್ಣ ಮಾಸ್ತರರು ಮತ್ತು ಅತಿಥಿ ಶಿಕ್ಷಕಿ, ಕೊಂಕಲ್‌ನ ಸುಜಾತಾ. ಮಕ್ಕಳು ಹೆದರಿ ಬಾಯಿ ಬಿಡಲಿಲ್ಲ. ಹೆಡ್ ಮಾಸ್ತರರು ಇಬ್ಬರಿಗೂ ಆಣೆ ಹಾಕಿ ಎಂದರು. ಸುಜಾತಾರದು ದೇವರ ಮೇಲೆ ಆಣೆ ಹಾಕದ ಬೌದ್ಧರ ಮನೆ. "ನಾ ಆಣಿ ಹಾಕಂಗಿಲ್ರಿ ಸರ್. ಕಲಿಸಿಲ್ಲ ಅಂದ್ರ ಕಲಿಸಿಲ್ಲ," ಎಂದು ಆಕೆ ನಿಂತುಬಿಟ್ಟರು. ಮಾಸ್ತರರ ಸರದಿ ಬಂದಾಗ ಬಾಯಿಗೆ ಬಂದದ್ದು ಎಲ್ಲರ ಬಾಯಿಗೂ ಬರುವಂಥದೇ: "ದೇವರಾಣಿ ನಾ ಕಲಿಸಿಲ್ರಿ. ಸುಳ್ಳ ಹೇಳಿದ್ರ ನನ್ನ ಕಣ್ಣ ಹೋಗ್ಲಿ!"

ಆಣೆ ಹಾಕಿದವರು ಖರೆ ಆದರು. ಹಾಕದವರು ಸುಳ್ಳಾದರು. ಸುಜಾತಾರ ಕೆಲಸ ಹೋಯಿತು.

"ಬ್ಲೈಮಿ ಅಂತ ಕನ್ನಡದಾಗ ಅಂದಿದ್ದೆ ನೋಡ್ರಿ," ಎಂದರು ಮಾಸ್ತರರು. "ಇಂಗ್ಲಿಷಿನ್ಯಾಗ ಅದು ಸವೆದು ಬರೇ ಮಾತಾಗ್ಯಾದ. ನಮ್ಮ ಕಡಿ ಇನ್ನೂ ಸವೆದಿಲ್ರಿ."

ವಯಸ್ಸಾದರೆ ಎಲ್ಲರಿಗೂ ಪೊರೆ ಬರುತ್ತದೆ, ನನಗೂ ಬರುತ್ತದೆ ಎಂದೆ. "ಗೊತ್ತದ್ರಿ," ಎಂದರು. "ಆದ್ರ ಈ ಕಣ್ಣ ನಾನ ನನ್ನ ಬಾಯಿಂದ ಕೊಟ್ಟೀನಿ. ಆಕಿ ಅನ್ನ ಹೋತು, ನಾ ಕಣ್ಣ ತಿರುಗಿ ಇಸ್ಕೊಳ್ಳಲೇನು?"

ದೇವಕೆಮ್ಮನಿಗೆ ಈ ಸಂಗತಿ ಗೊತ್ತಾದದ್ದು ಆವತ್ತೇ. ಗಂಡನನ್ನು ವಾರ್ಡಿನಲ್ಲಿ ಕೂಡಿಸಿ, "ಕೊಂಕಲ್‌ಗಿ ಹೋಗಿ ಬರ್ತೀನ್ರಿ ಸಾಹೇಬ್ರ," ಎಂದು ಸೆರಗು ಬಿಗಿದು ಹೊರಟರು.

ಮರುದಿನ ಮಧ್ಯಾಹ್ನ ಸುಜಾತಾ ಬಂದರು. ಕಡೇಚೂರಿನ ಕಾರ್ಖಾನೆಯೊಂದರ ಗೇಟಿನಲ್ಲಿ ಕೂಲಿಯವರ ಹಾಜರಿ ತೆಗೆದುಕೊಳ್ಳುವ ಕೆಲಸವಂತೆ. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಧ್ವನಿ ಕೇಳಿದ್ದೇ ಮಾಸ್ತರರು ಎದ್ದು ನಿಂತು ಕೈ ಮುಗಿದರು. "ಕ್ಷಮಾ ಮಾಡವ್ವ. ನನ್ನ ಆಣಿ ಇಳಿಸು."

ಕಾಣದ ಕಾರಣ ಅವರು ಕೈ ಮುಗಿದದ್ದು ಬೇರೆ ಕಡೆಗೆ, ಗೋಡೆಗೆ.

"ಆಣಿ ಹಾಕೋದೂ ನನಗ ಬರಂಗಿಲ್ಲ, ಇಳಿಸೋದೂ ಬರಂಗಿಲ್ರಿ ಸರ್," ಎಂದರು ಸುಜಾತಾ. "ಈಗ ನೀವು ಗ್ವಾಡಿಗಿ ಹೇಳಾಕತ್ತೀರಿ. ಮೊದಲ ಕಣ್ಣ ಮಾಡಿಸ್ಕೋರಿ. ನನ್ನ ಮಾರಿ ಕಾಣ್ಸಿದ ಮ್ಯಾಲ ಹೇಳ್ರಿ. ಆಗ ಕೇಳ್ತೀನಿ."

ಮಾಸ್ತರರು ಮತ್ತೆ ಮೇಜಿನ ಮೇಲೆ ಮಲಗಿದರು. ಈ ಸಲ ಇಳಿಯಲಿಲ್ಲ. ಬಲಿತ ಪೊರೆಯ ಆಪರೇಶನ್ ಸುಲಭವಲ್ಲ, ಲೆನ್ಸಿನ ಚೀಲ ಹರಿಯುವ ಭಯ ಇರುತ್ತದೆ. ನಾನು ಎಂದೂ ದೇವರನ್ನು ಕರೆಯುವವನಲ್ಲ; ಅವತ್ತು ಮಾಸ್ಕಿನೊಳಗೆ ಏನೋ ಗೊಣಗಿದೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದೆ. ಸುಜಾತಾ ಡ್ಯೂಟಿಗೆ ಹೋಗುವ ಮುಂಚೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಿದ್ದರು. ಮಾಸ್ತರರು ಮೊದಲು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಆಕೆಯನ್ನು. ಬಹಳ ಹೊತ್ತು ನೋಡಿದರು. ಅವರ ನೆನಪಿನಲ್ಲಿದ್ದ ಹುಡುಗಿಯ ತಲೆಯಲ್ಲಿ ಈಗ ಬಿಳಿ ಕೂದಲು ಬಂದಿತ್ತು.

"ನಾನ ಕಲಿಸಿದ್ದೆ," ಎಂದರು. ದೇವರ ಹೆಸರು ಎತ್ತಲಿಲ್ಲ.

"ಇಷ್ಟ ಮಾತು ಅವತ್ತ ಅಂದಿದ್ರ ಸಾಕಿತ್ತ್ರಿ ಸರ್," ಎಂದು ಸುಜಾತಾ ಎದ್ದರು. ಕ್ಷಮಿಸಿದೆ ಎನ್ನಲಿಲ್ಲ. ದೇವಕೆಮ್ಮನ ಭುಜ ಮುಟ್ಟಿ ಹೊರಟುಹೋದರು.

ಮಾಸ್ತರರ ಕಣ್ಣಲ್ಲಿ ನೀರು ತುಂಬಿ ಇಳಿಯಿತು. ಆಪರೇಶನ್ ಆದ ಕಣ್ಣಿಗೆ ಕೈ ಹಚ್ಚಬಾರದು ಎಂದು ನಾನೇ ಗದರಿಸಿ ಹೇಳಿದ್ದೆ. ಅವರು ಒರೆಸಿಕೊಳ್ಳದೆ ಬಾಗಿಲ ಕಡೆ ನೋಡುತ್ತ ಕೂತರು.

ಅಂದಿನಿಂದ, ಆಪರೇಶನ್ ಬೇಡ ಎಂದವರ ಮೇಲೆ ನಾನು ಕೂಗಾಡುವುದನ್ನು ಬಿಟ್ಟಿದ್ದೇನೆ. ಶುಗರ್ ಇದೆಯೇ, ಬಿಪಿ ಇದೆಯೇ ಎಂದು ಕೇಳುವ ಹಾಗೇ, "ಎಲ್ಲ್ಯಾರ ಆಣಿ ಹಾಕೀರೇನ್ರಿ?" ಎಂದೂ ಕೇಳುತ್ತೇನೆ. ಹೆಚ್ಚಿನವರು ನಗುತ್ತಾರೆ. ಒಬ್ಬೊಬ್ಬರು ನಗುವುದಿಲ್ಲ. ಅಂಥವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂರುತ್ತೇನೆ.